ಮಾಡ್ಯೂಲ್ ಬದಲಾಯಿಸೋ ಮುಂಚೆ ಅರ್ಥಿಂಗ್ ನೋಡಿ: ಇಸಿಎಂ, ಬಿಸಿಎಂ, ಎಬಿಎಸ್ ತೊಂದ್ರೆಗಳಲ್ಲಿ ದೋಷ ಹಿಡಿಯೋ ಕ್ರಮ

ಮಳೆಗಾಲ ಹಿಡೀತು ಅಂದ್ರೆ ನಮ್ ಕಡೆ, ಸಕಲೇಶಪುರ, ಮೂಡಿಗೆರೆ, ಬಾಳೆಹೊನ್ನೂರು, ಕೊಪ್ಪ ಸುತ್ತಮುತ್ತಲಿನ ಗಾಡಿಗಳಲ್ಲಿ ಒಂದು ತರದ ಕಂಪ್ಲೇಂಟ್ ಜಾಸ್ತಿಯಾಗುತ್ತೆ. ವೈಪರ್ ಹಾಕಿದ್ರೆ ಮೀಟರ್ ಬೋರ್ಡ್ ಮಿಣಿಮಿಣಿ ಅನ್ನುತ್ತೆ, ಹೆಡ್‌ಲೈಟ್ ಹಾಕಿದ ತಕ್ಷಣ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಗುತ್ತೆ, ಬ್ರೇಕ್ ತುಳಿದ್ರೆ ಹಿಂದಿನ ಇಂಡಿಕೇಟರ್ ಮಂಕಾಗಿ ಹತ್ಕೊಳ್ಳುತ್ತೆ, ಸೆಂಟ್ರಲ್ ಲಾಕ್ ತಾನಾಗೇ ಟಕ್ ಅನ್ನುತ್ತೆ, ಸ್ಟೇರಿಂಗ್ ಇದ್ದಕ್ಕಿದ್ದ ಹಾಗೆ ಬಿಗಿಯಾಗಿ ಲ್ಯಾಂಪ್ ಬರುತ್ತೆ, ಆಮೇಲೆ ಗಾಡಿ ಆಫ್ ಮಾಡಿ ಆನ್ ಮಾಡಿದ್ರೆ ಏನೂ ಆಗೇ ಇಲ್ವೇನೋ ಅನ್ನೋ ಹಾಗೆ ಸರಿಯಾಗಿಬಿಡುತ್ತೆ. ಇಂಥ ಗಾಡಿಗೆ ಸ್ಕ್ಯಾನರ್ ಹಾಕಿದ್ರೆ ದೋಷದ ಕೋಡ್‌ಗಳ ದೊಡ್ಡ ಪಟ್ಟಿನೇ ಬರುತ್ತೆ, ಅದನ್ನ ನೋಡಿ ಮಾಡ್ಯೂಲ್, ಅಂದ್ರೆ ಗಾಡಿಯೊಳಗಿನ ಪುಟ್ಟ ಕಂಪ್ಯೂಟರ್ (ಎಂಜಿನ್ನಿಗೆ ಇಸಿಎಂ, ಲೈಟು, ಲಾಕು ಇಂಥ ಬಾಡಿ ಕೆಲ್ಸಕ್ಕೆ ಬಿಸಿಎಂ, ಬ್ರೇಕಿಗೆ ಎಬಿಎಸ್) ಹೋಗಿದೆ ಅಂತ ಎಷ್ಟೋ ಕಡೆ ತೀರ್ಮಾನ ಆಗಿಬಿಡುತ್ತೆ. ಇಪ್ಪತ್ತು ಮೂವತ್ತು ಸಾವಿರದ ಮಾತು ಅದು. ಆದ್ರೆ ಹತ್ತನೇ ನಂಬರ್ ಸ್ಪ್ಯಾನರಲ್ಲಿ ಬಿಚ್ಚೋ ಒಂದು ಅರ್ಥಿಂಗ್ ಬೋಲ್ಟಲ್ಲೇ ದೋಷ ಇರೋ ಗಾಡಿಗಳು ನಮ್ಮ ಮಲೆನಾಡಲ್ಲಿ ಬೇಕಾದಷ್ಟಿವೆ. ಅರ್ಥಿಂಗ್ ಅಂದ್ರೆ ಕರೆಂಟು ಬಾಡಿ ಮೂಲಕ ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಹೋಗೋ ದಾರಿ. ಅದರ ದೋಷನ ಊಹೆ ಮೇಲೆ ಅಲ್ಲ, ಅಳತೆ ಮಾಡಿ ಹಿಡಿಯೋದು ಹೇಗೆ ಅಂತ ಬರೀತಿದೀನಿ. ಸ್ವಂತ ಗಾಡಿ ನೋಡ್ಕೊಳ್ಳೋರಿಗೂ ಆಗುತ್ತೆ, ಈಗ ಕೆಲ್ಸ ಕಲೀತಿರೋ ಹುಡುಗ್ರಿಗೂ ಆಗುತ್ತೆ.

ಮೊದ್ಲು ಯಾವಾಗ ಅನುಮಾನ ಪಡ್ಬೇಕು ಅನ್ನೋದು. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಮೂರು ತೊಂದ್ರೆ ಒಟ್ಟಿಗೆ ಬರ್ತಿದ್ರೆ, ಅದರಲ್ಲೂ ಬ್ಲೋವರ್, ಹೆಡ್‌ಲೈಟ್, ಹಿಂದಿನ ಗ್ಲಾಸಿನ ಡಿಫಾಗರ್ ಇವೆಲ್ಲ ಹಾಕಿದಾಗ ಮಾತ್ರ ಬಂದು ಆಫ್ ಮಾಡಿದ್ರೆ ಹೋಗ್ತಿದ್ರೆ, ಅರ್ಥಿಂಗ್ ಮೇಲೆ ಮೊದಲ ಅನುಮಾನ ಇಡಿ. ಸೆನ್ಸರ್ ಹೋದ್ರೆ ಸಾಮಾನ್ಯವಾಗಿ ಒಂದೇ ಕಂಪ್ಲೇಂಟ್ ಇರುತ್ತೆ, ಅದು ಬ್ಲೋವರ್ ಸ್ಪೀಡ್ ನೋಡ್ಕೊಂಡು ಬರಲ್ಲ.

ಯಾಕೆ ಹೀಗಾಗುತ್ತೆ ಅಂದ್ರೆ, ಯಾವ ಮಾಡ್ಯೂಲೇ ಆಗ್ಲಿ ಅದಕ್ಕೆ ಸೊನ್ನೆ ವೋಲ್ಟ್ ಅಂದ್ರೆ ಅದರ ಅರ್ಥಿಂಗ್ ಪಿನ್. ಆ ಪಿನ್ನಿಂದ ಬ್ಯಾಟರಿ ನೆಗೆಟಿವ್‌ವರೆಗಿನ ದಾರೀಲಿ, ಅಂದ್ರೆ ವೈರು, ಲಗ್ಸು (ವೈರಿನ ತುದಿಗೆ ಒತ್ತಿರೋ ಲೋಹದ ಉಂಗುರ), ಬಾಡಿ ಶೀಟು, ಬೋಲ್ಟು, ಬ್ಯಾಟರಿ ಕೇಬಲ್, ಇದರಲ್ಲಿ ಎಲ್ಲಾದ್ರೂ ಕಿಲುಬು ಹಿಡಿದು 0.1 ಓಮ್ ತಡೆ ಬಂತು ಅಂತಿಟ್ಕೊಳ್ಳಿ. ಅದೇ ಬೋಲ್ಟಿಗೆ ಬ್ಲೋವರ್, ವೈಪರ್ ಎಲ್ಲ ಸೇರಿ 15 ಆಂಪ್ ವಾಪಸ್ ಬರ್ತಿದ್ರೆ ಅಲ್ಲಿ 1.5 ವೋಲ್ಟ್ ನಿಂತುಬಿಡುತ್ತೆ. ಮಾಡ್ಯೂಲ್ ಲೆಕ್ಕದಲ್ಲಿ ಸೊನ್ನೆ ಇರೋ ಜಾಗ ನಿಜವಾಗಿ ಒಂದೂವರೆ ವೋಲ್ಟ್ ಮೇಲಿರುತ್ತೆ. ಅದಕ್ಕೆ ಸಿಗೋ ವೋಲ್ಟೂ ಅಷ್ಟು ಕಮ್ಮಿ, ಬೇರೆ ಕಡೆ ಅರ್ಥಿಂಗ್ ಆಗಿರೋ ಸೆನ್ಸರಿಂದ ಬರೋ ಸಿಗ್ನಲ್ಲೂ ಅಷ್ಟೇ ತಪ್ಪಾಗಿ ಓದುತ್ತೆ. ಹಳೇ ತರದ ಆಕ್ಸಿಜನ್ ಸೆನ್ಸರ್ ಕೊಡೋದೇ 0.1ರಿಂದ 0.9 ವೋಲ್ಟ್ ಒಳಗೆ, ಅದು ಸೈಲೆನ್ಸರ್ ಪೈಪಿನ ಮೂಲಕ ಅರ್ಥಿಂಗ್ ಆಗೋ ಮಾದರಿಯಾದ್ರೆ 0.2 ವೋಲ್ಟ್ ಏರುಪೇರಾದ್ರೂ ಪೆಟ್ರೋಲ್ ಲೆಕ್ಕ ಎಲ್ಲಿಗೋ ಹೋಗುತ್ತೆ.

ಕೋಡ್‌ಗಳ ವಿಷ್ಯ. ಯು ಅಕ್ಷರದಿಂದ ಶುರುವಾಗೋ ಕೋಡ್‌ಗಳು ಮಾಡ್ಯೂಲ್‌ಗಳ ನಡುವೆ ಮಾತುಕತೆ ಕಡಿದಿದೆ ಅಂತ ಹೇಳೋವು. ಯು0100 ಬಂದ್ರೆ ಎಂಜಿನ್ ಇಸಿಎಂ ಜೊತೆ ಸಂಪರ್ಕ ಇಲ್ಲ, ಯು0121 ಎಬಿಎಸ್ ಜೊತೆ ಇಲ್ಲ, ಯು0140 ಬಿಸಿಎಂ ಜೊತೆ ಇಲ್ಲ, ಯು0155 ಮೀಟರ್ ಬೋರ್ಡ್ ಜೊತೆ ಇಲ್ಲ. ಗಮನ ಇಟ್ಟು ನೋಡಿ, ಈ ಕೋಡ್ ಯಾರ ಹೆಸರಲ್ಲಿ ಬಂದಿದೆಯೋ ಅದು ಉತ್ತರ ಕೊಟ್ಟಿಲ್ಲ ಅಂತ ಮಾತ್ರ ಉಳಿದವು ದೂರು ಹೇಳ್ತಿವೆ, ಅದು ಸುಟ್ಟುಹೋಗಿದೆ ಅಂತ ಯಾರೂ ಹೇಳ್ತಿಲ್ಲ. ಕರೆಂಟ್ ಸಾಲದೆ ರೀಸೆಟ್ ಆದ್ರೂ ಅದೇ ಕೋಡ್ ಬರುತ್ತೆ. ಜೊತೆಗೆ ಪಿ0562, ಅಂದ್ರೆ ಸಿಸ್ಟಮ್ ವೋಲ್ಟೇಜ್ ಕಮ್ಮಿ ಅನ್ನೋದೂ ಇದ್ದು, ಬ್ಯಾಟರಿ ಮೇಲೆ ಮೀಟರ್ ಇಟ್ಟಾಗ 14 ವೋಲ್ಟ್ ಚೆನ್ನಾಗೇ ತೋರಿಸ್ತಿದ್ರೆ, ದಾರೀಲೆಲ್ಲೋ ನುಂಗ್ತಿದೆ ಅಂತಾನೇ ಲೆಕ್ಕ.

ಇಲ್ಲಿ ಏನೂ ಬಿಚ್ಚದೆ ಮಾಡಬಹುದಾದ ಒಂದು ಪರೀಕ್ಷೆ ಇದೆ, ನನಗೆ ತುಂಬಾ ಇಷ್ಟವಾದ್ದು. ಎಂಜಿನ್ ಆನ್ ಇಟ್ಟು, ಇರೋ ಬರೋ ಲೋಡೆಲ್ಲ ಹಾಕಿ, ಸ್ಕ್ಯಾನರ್‌ನ ಲೈವ್ ಡೇಟಾದಲ್ಲಿ ಒಂದೊಂದೇ ಮಾಡ್ಯೂಲ್ ಒಳಗೆ ಹೋಗಿ ಅದು ತನ್ನ ಬ್ಯಾಟರಿ ವೋಲ್ಟೇಜ್ ಎಷ್ಟು ಅಂತ ಹೇಳ್ತಿದೆ ನೋಡಿ, ಅದೇ ಹೊತ್ತಲ್ಲಿ ಬ್ಯಾಟರಿ ಪೋಸ್ಟ್ ಮೇಲೆ ಮಲ್ಟಿಮೀಟರ್ ಇಟ್ಟು ಅಲ್ಲಿ ಎಷ್ಟಿದೆ ನೋಡಿ. ಬ್ಯಾಟರೀಲಿ 14, ಎಬಿಎಸ್‌ನಲ್ಲಿ 13.8, ಇಸಿಎಂನಲ್ಲಿ 13.8, ಬಿಸಿಎಂನಲ್ಲಿ ಮಾತ್ರ 12.5 ಅಂತ ಬಂದ್ರೆ ಯಾವ ಮೂಲೆಗೆ ಕೈ ಹಾಕ್ಬೇಕು ಅಂತ ಅಲ್ಲೇ ಗೊತ್ತಾಯ್ತು. ಪ್ಲಸ್ ಕಡೆಯೋ ಮೈನಸ್ ಕಡೆಯೋ ಅನ್ನೋದನ್ನ ಆಮೇಲೆ ಮೀಟರ್ ಹೇಳುತ್ತೆ.

ಕ್ಯಾನ್ ವೈರುಗಳ, ಅಂದ್ರೆ ಮಾಡ್ಯೂಲ್‌ಗಳು ಒಂದಕ್ಕೊಂದು ಮಾತಾಡೋ ಜೋಡಿ ವೈರುಗಳ ಬಗ್ಗೆ ಒಂದು ಮಾತು. ಬ್ಯಾಟರಿ ತೆಗೆದು, ಸ್ಕ್ಯಾನರ್ ಹಾಕೋ ಒಬಿಡಿ ಪೋರ್ಟಿನ 6 ಮತ್ತು 14ನೇ ಪಿನ್ ನಡುವೆ ಸುಮಾರು 60 ಓಮ್ ಬಂದ್ರೆ ಸಾಮಾನ್ಯವಾಗಿ ಆ ಜೋಡಿ ವೈರು ಸರಿ ಇದೆ ಅಂತ ಅರ್ಥ, ಯಾಕಂದ್ರೆ ಎರಡು ತುದೀಲೂ 120 ಓಮ್ ರೆಸಿಸ್ಟರ್ ಇರುತ್ತೆ. ಆದ್ರೆ ಈ ಪರೀಕ್ಷೆ ಅರ್ಥಿಂಗ್ ಬಗ್ಗೆ ಏನೂ ಹೇಳಲ್ಲ. ಕ್ಯಾನ್ ಎರಡು ವೈರಿನ ವ್ಯತ್ಯಾಸ ಓದೋದ್ರಿಂದ ಸ್ವಲ್ಪ ಅರ್ಥಿಂಗ್ ಏರಿಳಿತ ತಡ್ಕೊಳ್ಳುತ್ತೆ. ಸಣ್ಣಪುಟ್ಟ ಭಾಗಗಳು ಮಾತಾಡೋ ಲಿನ್ ಹಾಗಲ್ಲ, ಒಂದೇ ವೈರು, ಅದು ಅರ್ಥಿಂಗ್ ಲೆಕ್ಕದಲ್ಲೇ ಓದೋದು. ಅದಕ್ಕೇ ಪವರ್ ವಿಂಡೋ ಸ್ವಿಚ್, ಮಿರರ್, ಮಳೆ ಸೆನ್ಸರ್ ಇಂಥವು ಎಷ್ಟೋ ಸಲ ಎಲ್ಲಕ್ಕಿಂತ ಮುಂಚೆ ಕೈ ಕೊಡ್ತವೆ.

ಈಗ ಎಲ್ಲರೂ ಮಾಡೋ ಬೀಪ್ ಪರೀಕ್ಷೆಗೆ ಬರೋಣ. ಮೀಟರನ್ನ ಬೀಪ್‌ಗೆ ಇಟ್ಟು ಅರ್ಥಿಂಗ್ ವೈರಿಗೂ ಬಾಡಿಗೂ ಮುಟ್ಟಿಸಿ, ಕೀ ಅಂದ್ರೆ ಅರ್ಥಿಂಗ್ ಚೆನ್ನಾಗಿದೆ ಅಂತ ಮುಂದೆ ಹೋಗೋದು. ಇದನ್ನ ದಯವಿಟ್ಟು ನಂಬಬೇಡಿ. ಮೀಟರ್ ಆ ವೈರಲ್ಲಿ ಹರಿಸೋ ಕರೆಂಟ್ ಎಷ್ಟು ಕಮ್ಮಿ ಅಂದ್ರೆ, ಒಳಗೆ ಎಲ್ಲ ಎಳೆ ಕತ್ತರಿಸಿ ಒಂದೇ ಎಳೆ ಉಳಿದಿದ್ರೂ ಬೀಪ್ ಬರುತ್ತೆ. ಓಮ್‌ನಲ್ಲಿ ಅಳೀತೀನಿ ಅಂದ್ರೂ ಮೀಟರಿನ ಪ್ರೋಬ್ ವೈರಿಗೇ 0.2, 0.3 ಓಮ್ ಇರುತ್ತೆ, ನೀವು ಹುಡುಕ್ತಿರೋ 0.1 ಅದರಲ್ಲೇ ಮುಚ್ಚಿಹೋಗುತ್ತೆ. ಕಾಫಿ ತೋಟಕ್ಕೆ ಹೂಮಳೆ ಟೈಮಲ್ಲಿ ಸ್ಪ್ರಿಂಕ್ಲರ್ ಹಾಕೋರಿಗೆ ಇದು ಬೇಗ ತಿಳಿಯುತ್ತೆ: ಜೆಟ್ ಎಲ್ಲ ಬಂದ್ ಮಾಡಿಟ್ರೆ ಪೈಪಲ್ಲಿ ಕಸ ಕಟ್ಟಿದ್ರೂ ಗೇಜು ಫುಲ್ ಪ್ರೆಶರ್ ತೋರಿಸುತ್ತೆ, ಜೆಟ್ ಬಿಟ್ಟಾಗ್ಲೇ ಬಂಡವಾಳ ಗೊತ್ತಾಗೋದು. ಹಾಗಾಗಿ ಲೋಡ್ ಇಟ್ಟು, ವೋಲ್ಟಲ್ಲೇ ಅಳೀಬೇಕು.

ಬ್ಯಾಟರಿಯಿಂದ ಶುರು ಮಾಡಿ. ಗಾಡಿ ಒಂದು ರಾತ್ರಿ ನಿಂತಮೇಲೆ 12.6 ವೋಲ್ಟ್ ಆಸುಪಾಸು ಇದ್ರೆ ಫುಲ್, 12.4ಕ್ಕಿಂತ ಕೆಳಗಿದ್ರೆ ಮೊದ್ಲು ಚಾರ್ಜಿಗೆ ಹಾಕಿ, ಇಲ್ದಿದ್ರೆ ಮುಂದಿನ ಅಳತೆಗಳಿಗೆ ಬೆಲೆ ಇಲ್ಲ. ಆಮೇಲೆ ಮೀಟರ್ ಡಿಸಿ ವೋಲ್ಟಿಗೆ ಇಟ್ಟು, ಕಪ್ಪು ಪ್ರೋಬನ್ನ ಬ್ಯಾಟರಿ ನೆಗೆಟಿವ್ ಪೋಸ್ಟಿನ ಮೇಲೇ ಇಡಿ, ಸೀಸದ ಕಂಬದ ಮೇಲೆ, ಕ್ಲ್ಯಾಂಪ್ ಮೇಲಲ್ಲ, ಯಾಕಂದ್ರೆ ಪೋಸ್ಟಿಗೂ ಕ್ಲ್ಯಾಂಪಿಗೂ ನಡುವೆಯೇ ಬಿಳಿ ಪುಡಿ ಕಟ್ಟಿ ದೋಷ ಇರಬಹುದು. ಕೆಂಪು ಪ್ರೋಬ್ ಎಂಜಿನ್ ಬ್ಲಾಕಿನ ಪೇಂಟ್ ಇಲ್ಲದ ಜಾಗಕ್ಕೆ ಒತ್ತಿ. ಒಬ್ಬರು ಸೆಲ್ಫ್ ಹೊಡೀಲಿ. ಸೆಲ್ಫ್ ಹೊಡೆಯೋವಾಗ 0.3 ವೋಲ್ಟ್ ಒಳಗಿದ್ರೆ ಒಳ್ಳೇದು, 0.5 ದಾಟಿದ್ರೆ ಎಂಜಿನ್ನಿಗೆ ಅರ್ಥಿಂಗ್ ಕೊಡೋ ದಪ್ಪ ಪಟ್ಟಿ ನೋಡ್ಲೇಬೇಕು. ಹಳೇ ಗಾಡೀಲಿ ಈ ಪಟ್ಟಿ ಪೂರ್ತಿ ಕಡಿದಿದ್ರೆ ಸೆಲ್ಫ್ ಮೋಟರಿನ ಕರೆಂಟು ಆಕ್ಸಿಲರೇಟರ್ ಕೇಬಲ್, ಗೇರ್ ಕೇಬಲ್ ಮೇಲೆ ವಾಪಸ್ ಹೋಗೋಕೆ ನೋಡುತ್ತೆ, ಕೇಬಲ್ ಬಿಸಿಯಾಗಿ ಒಳಗಿನ ಪ್ಲಾಸ್ಟಿಕ್ ಕರಗಿ ಬಿಗಿಯಾಗುತ್ತೆ. ಕೇಬಲ್ ಪದೇಪದೇ ಹೋಗ್ತಿದೆ ಅನ್ನೋ ಗಾಡೀಲಿ ಇದನ್ನೂ ನೋಡಿ. ಮುಂದೆ ಪೋಸ್ಟಿಂದ ಬಾಡಿ ಶೀಟಿಗೂ ಅದೇ ತರ, ಎಂಜಿನ್ ಆನ್, ಲೋಡ್ ಎಲ್ಲ ಹಾಕಿ ಅಳೀರಿ, 0.1 ಒಳಗಿರಬೇಕು.

ಇವೆಲ್ಲ ಸರಿ ಬಂದ್ಮೇಲೆ ಮಾಡ್ಯೂಲ್. ವೈರಿಂಗ್ ಡಯಾಗ್ರಮ್ ಇಲ್ಲದೆ ಇದನ್ನ ಮಾಡೋಕೆ ಹೋಗ್ಬೇಡಿ, ವೈರಿನ ಬಣ್ಣ ನೋಡಿ ಊಹೆ ಮಾಡೋದು ಅಪಾಯ. ಸಾಮಾನ್ಯವಾಗಿ ಕಪ್ಪು ಅರ್ಥಿಂಗ್, ಜರ್ಮನ್ ಗಾಡಿಗಳಲ್ಲಿ ಕಂದು, ಅವರ ಡಯಾಗ್ರಮ್ಮಲ್ಲಿ 31 ಅಂತ ಬರೆದಿದ್ರೆ ಅರ್ಥಿಂಗ್, 30 ಅಂದ್ರೆ ನೇರ ಬ್ಯಾಟರಿ, 15 ಅಂದ್ರೆ ಇಗ್ನಿಷನ್. ಒಂದು ಇಸಿಎಂಗೆ ಅರ್ಥಿಂಗ್ ಪಿನ್ ಒಂದೇ ಇರಲ್ಲ, ಎರಡೋ ಮೂರೋ ಇರುತ್ತೆ, ಎಲ್ಲವನ್ನೂ ಅಳೀಬೇಕು. ಕಪ್ಲರ್, ಅಂದ್ರೆ ಮಾಡ್ಯೂಲಿಗೆ ವೈರುಗಳು ಸೇರೋ ಪ್ಲಗ್ಗು, ಹಾಕಿರೋ ಹಾಗೇ ಇರ್ಲಿ, ಅದರ ಹಿಂಬದಿಯಿಂದ ತೆಳು ಸೂಜಿಯಂಥ ಬ್ಯಾಕ್ ಪ್ರೋಬ್ ಮೆಲ್ಲಗೆ ತೂರಿಸಿ ಪಿನ್ನಿಗೆ ಮುಟ್ಟಿಸಿ. ವೈರಿನ ಮೈಗೆ ಚುಚ್ಚಬೇಡಿ. ಬೇರೆ ಊರಲ್ಲಿ ಹೇಗೋ ನಡೀಬಹುದು, ನಮ್ಮ ಮಳೇಲಿ ಆ ಸೂಜಿ ತೂತಿಂದ ನೀರಿಳಿದು ಒಂದು ಮಳೆಗಾಲದಲ್ಲಿ ತಾಮ್ರ ಹಸಿರಾಗುತ್ತೆ. ಹಾಗೇ ಕಪ್ಲರ್ ಬಿಚ್ಚಿ ಮುಂದಿನಿಂದ ಮೀಟರಿನ ದಪ್ಪ ಪ್ರೋಬ್ ತುರುಕಿದ್ರೆ ಪಿನ್ ಅಗಲವಾಗಿ, ಇಲ್ಲದ ದೋಷವನ್ನ ನಾವೇ ತಂದಿಟ್ಟ ಹಾಗಾಗುತ್ತೆ.

ಕಪ್ಪು ಪ್ರೋಬ್ ಬ್ಯಾಟರಿ ನೆಗೆಟಿವ್ ಪೋಸ್ಟಲ್ಲಿ, ಕೆಂಪು ಮಾಡ್ಯೂಲಿನ ಅರ್ಥಿಂಗ್ ಪಿನ್ನಲ್ಲಿ, ಎಂಜಿನ್ ಆನ್, ಹೆಡ್‌ಲೈಟ್ ಹೈ ಬೀಮ್, ಬ್ಲೋವರ್ ಫುಲ್, ವೈಪರ್, ಡಿಫಾಗರ್. ಮೀಟರ್ 0.05 ಒಳಗೆ ತೋರಿಸಿದ್ರೆ ನಿಶ್ಚಿಂತೆ, 0.1ರವರೆಗೆ ಒಪ್ಪಬಹುದು, ಅದು ದಾಟಿದ್ರೆ ಹುಡುಕೋಕೆ ಶುರು ಮಾಡಿ. ಹಾಗೇ ಹಿಡ್ಕೊಂಡು ಹಾರ್ನ್ ಹೊಡೀರಿ, ಬ್ರೇಕ್ ತುಳೀರಿ, ವೈರಿಂಗ್ ಕಟ್ಟನ್ನ ಅಲ್ಲಾಡಿಸಿ. ಮೀಟರಲ್ಲಿ ಮಿನ್ ಮ್ಯಾಕ್ಸ್ ಬಟನ್ ಇದ್ರೆ ಅದನ್ನ ಒತ್ತಿಟ್ಟು ಒಂದು ರೌಂಡ್ ಓಡಿಸ್ಕೊಂಡು ಬನ್ನಿ, ಗುಂಡಿ ಬಿದ್ದ ರಸ್ತೇಲೇ ಬನ್ನಿ, ಕ್ಷಣಮಾತ್ರ ಬಂದು ಹೋಗೋ ದೋಷ ಅದರಲ್ಲಿ ಉಳ್ಕೊಂಡಿರುತ್ತೆ.

ಮೂಡಿಗೆರೆ ಕಡೆಯ ತೋಟದವರೊಬ್ಬರ ಕಾರು ಹೀಗೇ ಬಂದಿತ್ತು. ರಾತ್ರಿ ಚಾರ್ಮಾಡಿ ಘಾಟೀಲಿ ಮಂಜು, ಮಳೆ, ಎಲ್ಲ ಹಾಕ್ಕೊಂಡು ಹೋಗೋವಾಗ ಮೀಟರ್ ಬೋರ್ಡ್ ಸತ್ತು ಮತ್ತೆ ಹತ್ತೋದು, ಸ್ಟೇರಿಂಗ್ ಲ್ಯಾಂಪ್ ಬರೋದು. ಮಂಜಲ್ಲಿ ಆ ತಿರುವುಗಳಲ್ಲಿ ಸ್ಟೇರಿಂಗ್ ಬಿಗಿಯಾದ್ರೆ ಜೀವ ಬಾಯಿಗೆ ಬರುತ್ತೆ. "ಬಿಸಿಎಂ ಬದಲಾಯಿಸ್ಬೇಕು ಅಂದಿದ್ದಾರೆ ಮಾರಾಯ್ರೆ, ನೀವೊಂದ್ಸಲ ನೋಡಿಬಿಡಿ" ಅಂತ ಬಂದ್ರು. ಮೇಲೆ ಹೇಳಿದ ಬ್ಯಾಟರೀಲಿ 14, ಬಿಸಿಎಂನಲ್ಲಿ 12.5 ಅನ್ನೋ ಲೆಕ್ಕ ಇದೇ ಗಾಡೀದು. ಮೀಟರ್ ಇಟ್ರೆ ಪ್ಲಸ್ ಕಡೆ 0.1, ಅರ್ಥಿಂಗ್ ಕಡೆ 1.4. ಬ್ಲೋವರ್ ಆಫ್ ಮಾಡಿದ್ರೆ ತಟ್ಟನೆ ಕಾಲು ವೋಲ್ಟಿಗೆ ಇಳಿಯೋದು. ಡಯಾಗ್ರಮ್ ಪ್ರಕಾರ ಆ ಅರ್ಥಿಂಗ್ ಎಡಗಡೆ ಸೀಟಲ್ಲಿ ಕೂತೋರ ಕಾಲಿನ ಪಕ್ಕ, ಪ್ಲಾಸ್ಟಿಕ್ ಪ್ಯಾನಲ್ ಹಿಂದೆ. ಕಾರ್ಪೆಟ್ ಒತ್ತಿದ್ರೆ ನೀರು ಜಿನುಗ್ತಿತ್ತು. ಬೋಲ್ಟ್ ನೋಡೋಕೆ ಚೆನ್ನಾಗೇ ಇತ್ತು, ಕೈಯಲ್ಲಿ ಎಳೆದ್ರೂ ಅಲ್ಲಾಡ್ಲಿಲ್ಲ, ತುಕ್ಕೇ ಅದನ್ನ ಕಚ್ಚಿ ಹಿಡಿದಿತ್ತು. ಬಿಚ್ಚಿದ್ರೆ ಒಂದರ ಮೇಲೊಂದು ಮೂರು ಲಗ್ಸು, ತಳದ ಲಗ್ಸಿಗೂ ಬಾಡಿಗೂ ನಡುವೆ ಹಸಿರು ಪುಡಿ, ಲಗ್ಸಿನ ಬುಡದಲ್ಲಿ ವೈರಿನ ರಬ್ಬರ್ ಉಬ್ಬಿತ್ತು, ಸೀಳಿದ್ರೆ ಒಳಗೆ ಎರಡಿಂಚು ದೂರದವರೆಗೂ ತಾಮ್ರ ಕಪ್ಪಗೆ. ಮೂಲ ಇನ್ನೂ ಮೇಲಿತ್ತು. ಗಾಡಿ ನಿಲ್ಲಿಸ್ತಿದ್ದದ್ದು ಸಿಲ್ವರ್ ಓಕ್ ಮರದ ಕೆಳಗೆ, ಎಲೆ ಎಲ್ಲ ವೈಪರ್ ಕೆಳಗಿನ ತಟ್ಟೇಲಿ ತುಂಬಿ ನೀರು ಹೋಗೋ ತೂತು ಕಟ್ಟಿ, ನೀರು ಒಳಗೆ ಇಳೀತಿತ್ತು. ತೂತು ಬಿಡಿಸಿ, ಲಗ್ಸ್ ಹೊಸದು ಹಾಕಿದ್ಮೇಲೆ ಅದೇ ಲೋಡಲ್ಲಿ 0.03. ಬಿಸಿಎಂ ಹಳೇದೇ ಇದೆ.

ಇನ್ನೊಂದು ವಿಧಾನ ಬಲ್ಬ್ ಪರೀಕ್ಷೆ, ಮಾಡ್ಯೂಲ್ ಆನ್ ಮಾಡೋಕೆ ಆಗದ ಗಾಡೀಲಿ ಇದೇ ಗತಿ. ಇಗ್ನಿಷನ್ ಆಫ್ ಮಾಡಿ ಕಪ್ಲರ್ ಬಿಚ್ಚಿ, ಬ್ಯಾಟರಿ ಪ್ಲಸ್ಸಿಂದ ಒಂದು ಫ್ಯೂಸ್ ಹಾಕಿದ ವೈರ್ ತಂದು, ಬಲ್ಬಿನ ಮೂಲಕ ಆ ಅರ್ಥಿಂಗ್ ಪಿನ್ನಿಗೆ ಕೊಡಿ. ತೆಳು ವೈರಿಗೆ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಸಾಕು, ಸುಮಾರು ಒಂದೂಮುಕ್ಕಾಲು ಆಂಪ್ ಎಳೆಯುತ್ತೆ. ದಪ್ಪ ವೈರಿಗೆ ಹೆಡ್‌ಲೈಟಿನ 55 ವ್ಯಾಟ್ ಫಿಲಮೆಂಟ್ ಹಾಕಿ, ನಾಲ್ಕೂವರೆ ಆಂಪ್ ಹತ್ರ ಹೋಗುತ್ತೆ. ಬಲ್ಬ್ ಬೆಳ್ಳಗೆ ಉರೀತಿರೋವಾಗ ಆ ಪಿನ್ನಿಂದ ಬ್ಯಾಟರಿ ನೆಗೆಟಿವ್‌ಗೆ ವೋಲ್ಟ್ ಅಳೀರಿ. ಬರೀ ಬೆಳಕು ನೋಡಿ ತೀರ್ಮಾನ ಬೇಡ, ಅರ್ಧ ವೋಲ್ಟ್ ಕಮ್ಮಿಯಾದ್ರೆ ಕಣ್ಣಿಗೆ ಗೊತ್ತಾಗಲ್ಲ. ಪಿನ್ ಯಾವುದು ಅಂತ ನೂರಕ್ಕೆ ನೂರು ಖಾತ್ರಿ ಇದ್ರೆ ಮಾತ್ರ ಇದನ್ನ ಮಾಡಿ. ಏರ್‌ಬ್ಯಾಗಿನ ವೈರುಗಳಿಗಂತೂ, ಸಾಮಾನ್ಯವಾಗಿ ಹಳದಿ ಕಪ್ಲರ್ ಇರೋವು, ಬಲ್ಬೂ ಬೇಡ ಮೀಟರೂ ಬೇಡ.

ದೋಷ ಎಲ್ಲಿದೆ ಅಂತ ಜಾಗ ಹಿಡಿಯೋಕೆ ಕೆಂಪು ಪ್ರೋಬನ್ನ ಹಂತ ಹಂತವಾಗಿ ಸರಿಸ್ತಾ ಬನ್ನಿ: ಪಿನ್, ಆಮೇಲೆ ಲಗ್ಸು, ಬೋಲ್ಟಿನ ತಲೆ, ಪಕ್ಕದ ಶೀಟು, ಬ್ಯಾಟರಿ ಕ್ಲ್ಯಾಂಪ್. ವೋಲ್ಟ್ ಎಲ್ಲಿ ತಟ್ಟನೆ ಬೀಳುತ್ತೋ ಆ ಎರಡು ಜಾಗದ ನಡುವೆಯೇ ದೋಷ.

ನಮ್ಮ ಕಡೆ ಸಿಗೋ ಕಾರಣಗಳಲ್ಲಿ ನೀರು ಮೊದಲನೇದು. ತೋಟದ ಪಿಕಪ್ಪು, ಜೀಪುಗಳಲ್ಲಿ ಬೇರೆ ಕತೆ, ಅಡಿಕೆಗೆ ಕೊಳೆ ಔಷಧಿ ಹೊಡೆಯೋಕೆ ಮೈಲುತುತ್ತ ಸಾಗಿಸ್ತಾರೆ, ಪೊಟ್ಯಾಷ್ ಚೀಲ ಒಡೆದು ಫ್ಲೋರಲ್ಲಿ ಚೆಲ್ಲಿರುತ್ತೆ. ಮೈಲುತುತ್ತದ ನೀರು ಕಬ್ಬಿಣ ತಿನ್ನುತ್ತೆ, ಪೊಟ್ಯಾಷ್ ಅಂದ್ರೆ ಉಪ್ಪಿನ ಜಾತೀದೇ, ತೇವ ಎಳ್ಕೊಂಡು ಲಗ್ಸ್ ಬುಡದಲ್ಲಿ ಕೂರುತ್ತೆ. ಇಂಥ ಗಾಡೀಲಿ ಹಿಂದಿನ ಲೈಟು, ಫ್ಯೂಯಲ್ ಪಂಪಿನ ಅರ್ಥಿಂಗ್ ಮೊದ್ಲು ನೋಡಿ. ಆಕ್ಸಿಡೆಂಟ್ ಆಗಿ ಟಿಂಕರಿಂಗ್, ಪೇಂಟಿಂಗ್ ಆಗಿದ್ರೆ ಪೇಂಟ್ ಮೇಲೇ ಲಗ್ಸ್ ಬಿಗಿದಿರ್ತಾರೆ. ಇಲಿ ಕಡಿದಿರೋದಂತೂ ಹೇಳೋದೇ ಬೇಡ. ಇನ್ನು ಫಾಗ್ ಲ್ಯಾಂಪ್, ಆಂಪ್ಲಿಫೈಯರ್, ಡಬಲ್ ಹಾರ್ನ್ ಹಾಕಿಸ್ಕೊಂಡಾಗ ಅದರ ಅರ್ಥಿಂಗನ್ನ ಕೈಗೆ ಸಿಕ್ಕ ಬೋಲ್ಟಿಗೆ, ಅಂದ್ರೆ ಇಸಿಎಂ ಬೋಲ್ಟಿಗೇ ಸೇರಿಸೋದು. ಅದನ್ನ ಬೇರೆ ಮಾಡಿ ಬಾಡಿಯ ಬೇರೊಂದು ಒಳ್ಳೆ ಜಾಗಕ್ಕೆ ಕೊಡಿ. ಬ್ಯಾಟರಿ ನೆಗೆಟಿವ್ ಕ್ಲ್ಯಾಂಪಲ್ಲಿ ಪುಟ್ಟ ಸೆನ್ಸರ್ ಇರೋ ಹೊಸ ಗಾಡಿಗಳಲ್ಲಿ ಯಾವ ಹೊಸ ಅರ್ಥಿಂಗನ್ನೂ ಪೋಸ್ಟಿಗೆ ನೇರ ಕೊಡಬಾರದು, ಬಾಡಿ ಕಡೆಗೇ ಕೊಡ್ಬೇಕು, ಇಲ್ದಿದ್ರೆ ಆ ಕರೆಂಟು ಸೆನ್ಸರ್ ಲೆಕ್ಕಕ್ಕೆ ಬರಲ್ಲ.

ರಿಪೇರಿ ಮಾಡೋವಾಗ ಅರ್ಜೆಂಟ್ ಬೇಡ. ಮೊದ್ಲು ಬ್ಯಾಟರಿ ನೆಗೆಟಿವ್ ಬಿಚ್ಚಿ, ಏರ್‌ಬ್ಯಾಗ್ ಹತ್ತಿರದ ಕೆಲ್ಸ ಆದ್ರೆ ಆಮೇಲೂ ಕೆಲವು ನಿಮಿಷ ಬಿಟ್ಟೇ ಕೈ ಹಾಕಿ. ಬರೀ ಬೋಲ್ಟ್ ಬಿಗಿ ಮಾಡಿ ಬಿಟ್ರೆ ಮುಂದಿನ ಮಳೆಗೆ ಗಾಡಿ ವಾಪಸ್ ಬರುತ್ತೆ. ತಾಮ್ರ ಹೊಳೆಯೋವರೆಗೆ ವೈರ್ ಕತ್ತರಿಸಿ, ಹೊಸ ಲಗ್ಸನ್ನ ಸರಿಯಾದ ಕ್ರಿಂಪಿಂಗ್ ಟೂಲಲ್ಲಿ ಒತ್ತಿ, ಒಳಗೆ ಗಮ್ ಇರೋ ಹೀಟ್ ಶ್ರಿಂಕ್ ಹಾಕಿ. ಬರೀ ಬೆಸುಗೆ ಹಾಕಿ ಬಿಡೋದು ನನಗೆ ಸರಿ ಬರಲ್ಲ, ಬೆಸುಗೆ ಒಳಗಿಳಿದು ವೈರ್ ಕಡ್ಡಿಯಾಗುತ್ತೆ, ಅಲುಗಾಟಕ್ಕೆ ಅಲ್ಲೇ ಮುರಿಯುತ್ತೆ. ಬಾಡೀಲಿ ಲಗ್ಸಿನ ಅಗಲದಷ್ಟು ಪೇಂಟು, ತುಕ್ಕು ಎಲ್ಲ ಎಮರಿ ಪೇಪರಲ್ಲಿ ಉಜ್ಜಿ ಬೆಳ್ಳಿ ತರ ಮಾಡಿ, ಲಗ್ಸ್ ನೇರ ಅದರ ಮೇಲೆ, ಅದರ ಮೇಲೆ ಹಲ್ಲಿನ ವಾಷರ್, ಆಮೇಲೆ ಬೋಲ್ಟು. ಬಿಗಿ ಆದ್ಮೇಲೆ ಹೊರಗಿನಿಂದ ಗ್ರೀಸೋ ಪೆಟ್ರೋಲಿಯಂ ಜೆಲ್ಲಿಯೋ ಬಳೀರಿ. ಇದ್ದ ಅರ್ಥಿಂಗ್ ಹಾಗೇ ಬಿಟ್ಟು ಇನ್ನೊಂದು ವೈರ್ ಎಳೆದು ಬ್ಯಾಟರಿ ನೆಗೆಟಿವ್‌ಗೆ ಕೊಡೋದು ದೋಷ ಹೌದೋ ಅಲ್ವೋ ನೋಡೋಕೆ ಮಾತ್ರ ಒಳ್ಳೇ ಉಪಾಯ, ಅದನ್ನೇ ರಿಪೇರಿ ಅಂತ ಮಾಡ್ಬೇಡಿ.

ಸೆನ್ಸರ್ ಅರ್ಥಿಂಗ್ ಬೇರೆ ವಿಷ್ಯ, ಎಷ್ಟೋ ಜನ ಇಲ್ಲಿ ಎಡವ್ತಾರೆ. ಹೆಚ್ಚಿನ ಸೆನ್ಸರ್‌ಗಳ ಅರ್ಥಿಂಗ್ ಇಸಿಎಂ ಒಳಗೆ ಹೋಗಿ ಅಲ್ಲಿಂದ ಹೊರಗೆ ಬರುತ್ತೆ. ಅಂಥ ವೈರನ್ನ ಬಾಡಿಗೆ ಸೇರಿಸಿದ್ರೆ ಆ ಹೊತ್ತಿಗೆ ಸರಿ ಹೋದ ಹಾಗೆ ಕಂಡ್ರೂ ಗಲಾಟೆ ಸಿಗ್ನಲ್ಲೆಲ್ಲ ಒಳಗೆ ಬರುತ್ತೆ. ಸೆನ್ಸರ್ ಅರ್ಥಿಂಗಲ್ಲಿ ವೋಲ್ಟ್ ಜಾಸ್ತಿ ಇದ್ರೆ ಮೊದ್ಲು ಇಸಿಎಂನ ಮುಖ್ಯ ಅರ್ಥಿಂಗ್ ಅಳೀರಿ. ಅದು ಸರಿ ಇದ್ರೆ ಸೆನ್ಸರಿಂದ ಇಸಿಎಂವರೆಗಿನ ವೈರು ನೋಡಿ. ಕಿತ್ತಳೆ ಬಣ್ಣದ ಕೇಬಲ್ ಇರೋ ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಗಳಲ್ಲಿ ಆ ಕೇಬಲ್ಲಿನ ತಂಟೆಗೆ ತರಬೇತಿ ಇಲ್ಲದೆ ಹೋಗ್ಲೇಬೇಡಿ, 12 ವೋಲ್ಟ್ ಕಡೆ ಅಳತೆ ಮಾತ್ರ ಇದೇ ಕ್ರಮ.

ಕೆಲ್ಸ ಮುಗಿದ್ಮೇಲೆ ಕೋಡ್ ಅಳಿಸಿ, ಮೊದ್ಲು ಹಾಕಿದ್ದ ಲೋಡೆಲ್ಲ ಮತ್ತೆ ಹಾಕಿ ಅದೇ ಜಾಗಗಳಲ್ಲಿ ಅಳೆದು, ಹಿಂದೆ ಎಷ್ಟಿತ್ತು ಈಗ ಎಷ್ಟಿದೆ ಅಂತ ಬಿಲ್ಲಲ್ಲೇ ಬರೆದುಕೊಡಿ. ಅರ್ಥಿಂಗ್ ಎಲ್ಲ 0.1 ಒಳಗೆ ಬಂದು, ಪ್ಲಸ್ ಕಡೇನೂ ಅದೇ ತರ ಲೋಡಲ್ಲಿ ಅಳೆದು ಸರಿ ಇದ್ದು, ಕಪ್ಲರ್ ಪಿನ್ ಸಡಿಲ ಇಲ್ಲ, ಒಳಗೆ ನೀರಿಲ್ಲ ಅಂತ ನೋಡಿ, ಆಗ್ಲೂ ಕಂಪ್ಲೇಂಟ್ ಉಳಿದಿದ್ರೆ ಮಾಡ್ಯೂಲ್ ಬದಲಾಯಿಸೋ ಮಾತಾಡಿ. ಆಗ್ಲೂ ಒಂದು ಕೇಳ್ಕೊಳ್ಳಿ: ಹೊಸ ಬಿಸಿಎಂ, ಇಸಿಎಂಗೆ ಕೋಡಿಂಗ್ ಬೇಕು, ಎಷ್ಟೋ ಗಾಡೀಲಿ ಇಮೊಬಿಲೈಸರ್ (ಕಳ್ಳತನ ತಡೆಯೋ ವ್ಯವಸ್ಥೆ) ಕೀ ಮತ್ತೆ ಹೊಂದಿಸ್ಬೇಕು, ಅದು ರೇಟಲ್ಲಿ ಸೇರಿದೆಯಾ, ಎರಡೂ ಕೀ ಕೊಡ್ಬೇಕಾ ಅಂತ ಮೊದಲೇ ಮಾತಾಡ್ಕೊಂಡು ಗಾಡಿ ಬಿಡಿ.